ಕೊಳ್ಳೇಗಾಲದ ಏಳು ಸ್ಥಾನಗಳು

2018ರ ಚುನಾವಣೆಯಲ್ಲಿ ಕೊಳ್ಳೇಗಾಲ ನಗರಸಭೆಯ 31 ಸ್ಥಾನಗಳ ಪೈಕಿ ಕಾಂಗ್ರೆಸ್ಸಿಗೆ 11, ಬಹುಜನ ಸಮಾಜ ಪಕ್ಷಕ್ಕೆ 9, ಭಾರತೀಯ ಜನತಾ ಪಕ್ಷಕ್ಕೆ 7 ದೊರೆತವು. ಬಹುಮತವು ಯಾರಿಗೂ ಇರಲಿಲ್ಲ. ಅಧ್ಯಕ್ಷಪದವಿಯ ಮೀಸಲಾತಿಯು ನ್ಯಾಯಾಲಯದ ಮೆಟ್ಟಿಲನ್ನೇರಿದುದರಿಂದ ಗೆದ್ದವರು ಎರಡು ವರ್ಷ ಸುಮ್ಮನೆ ಕುಳಿತರು. ಚರಂಡಿ, ನಲ್ಲಿನೀರುಗಳ ಚಿಂತೆ ಅಧಿಕಾರಿಗಳ ಪಾಲಾಯಿತು!

2020ರಲ್ಲಿ ಅಧ್ಯಕ್ಷರ ಆಯ್ಕೆ ನಡೆದಾಗ ಬಹುಜನ ಪಕ್ಷದ 7 ಮಂದಿ ಸದಸ್ಯರು ತಮ್ಮ ಪಕ್ಷದ ಅಪ್ಪಣೆಯನ್ನು ಮೀರಿ ಭಾಜಪದ ಕಡೆಗೆ ಮತವಿತ್ತು, ಪಕ್ಷಾಂತರ ನಿಷೇಧ ಶಾಸನದ ಮೇರೆಗೆ ಸ್ಥಾನಭ್ರಷ್ಟರಾದರು. 2022ರ ಅಕ್ಟೋಬರಿನ ಉಪಚುನಾವಣೆಯಲ್ಲಿ ಆ ಏಳರಲ್ಲಿ 6 ಸ್ಥಾನಗಳು ಭಾಜಪಕ್ಕೇ ಸಂದವು.

ಇದರಿಂದ ಪಕ್ಷಾಂತರವು ಜನಸಮ್ಮತವಾಯಿತೆಂದು ವಾದಿಸುವವರುಂಟು. ನಾವು ಒಪ್ಪಲಾರೆವು. ಆನೆಯ ಗುರುತನ್ನು ನೋಡಿ ಮತವಿತ್ತವನನ್ನು ಮೊದಲೇ ಕೇಳಬೇಕೆಂದಿದ್ದರೆ ರಾಜೀನಾಮೆಯ ಮಾರ್ಗವು ತೆರೆದೇ ಇದ್ದಿತು. ಶಾಸನವು ಕತ್ತು ಹಿಡಿದು ನೂಕಿದ ಮೇಲಲ್ಲವೆ ಅವನ ಮನೆಬಾಗಿಲು ನೆನಪಾದುದು? ಮೇಲಾಗಿ, ಅದೇ ಆನೆಯ ಗುರುತಿನಿಂದ 2018ರಲ್ಲಿ ಶಾಸಕರಾಗಿ, 2021ರಲ್ಲಿ ಭಾಜಪವನ್ನು ಸೇರಿದ ಶ್ರೀ ಎನ್. ಮಹೇಶರನ್ನು, ಯಳಂದೂರೂ ಸೇರಿದ ಕೊಳ್ಳೇಗಾಲ ಕ್ಷೇತ್ರದ ಮತದಾರರು 2023ರ ಮೇ ತಿಂಗಳಲ್ಲಿ ಭಾರಿ ಅಂತರದಿಂದ ಸೋಲಿಸಿದರು. ಉಪಚುನಾವಣೆಗೂ ಈ ಸೋಲಿಗೂ ನಡುವೆ ಕಳೆದುದು ಏಳು ತಿಂಗಳೂ ಅಲ್ಲ.