ಹಿಮ್ಮಡಿ ನೋವು: ಕೊಯ್ಯಿಸುವುದೇ, ಕಾಯುವುದೇ?

ಹೊಳಲ್ಕೆರೆ ತಾಲ್ಲೂಕಿನ ಓದುಗರೊಬ್ಬರು ಕಾರ್ಡು ಬರೆದಿದ್ದಾರೆ. ಭೀಮಸಮುದ್ರದ ಅಡಿಕೆ ಮಂಡಿಯೊಂದರಲ್ಲಿ ತೂಕ ಹಾಕುವ ಕೆಲಸ. ಬೆಳಿಗ್ಗೆಯಿಂದ ಸಂಜೆಯವರೆಗೆ ನಿಂತೇ ಇರಬೇಕು. 'ಒಂದು ವರ್ಷದಿಂದ ಎಡಗಾಲಿನ ಹಿಮ್ಮಡಿ ನೋವು. ಎಕ್ಸ್‌ರೇಯಲ್ಲಿ ಮುಳ್ಳು ಬೆಳೆದಿದೆಯಂತೆ. ಆಪರೇಷನ್ ಮಾಡಿ ಸರಿಪಡಿಸೋಣ ಎಂದಿದ್ದಾರೆ ಡಾಕ್ಟರು. ಮನೆಯಲ್ಲಿ ಬೇಡ ಎನ್ನುತ್ತಾರೆ. ಮೇಷ್ಟ್ರೇ, ನೀವೇನು ಹೇಳುತ್ತೀರಿ?' ಇಷ್ಟೇ ಪತ್ರ.

ಪ್ರಶ್ನೆಯನ್ನು ಸರಿಯಾದ ವಿಳಾಸಕ್ಕೇ ಕಳಿಸಿದ್ದಾರೆ ಎನ್ನಲಾರೆ. ನಾನು ಬಿ.ಎಸ್ಸಿ., ಬಿ.ಎಡ್. ಮಾಡಿದ ಮೇಷ್ಟ್ರು, ಎಂ.ಬಿ.ಬಿ.ಎಸ್. ಅಲ್ಲ. ಆದರೆ ಮೂವತ್ತು ವರ್ಷದ ಹತ್ತಿರ ಕಡಪ ಕಲ್ಲಿನ ನೆಲದ ಮೇಲೆ ನಿಂತು ಪಾಠ ಹೇಳಿದವನು, ಎರಡು ವರ್ಷದ ಮೇಲಾಯಿತು ಬಲಗಾಲಿನ ಹಿಮ್ಮಡಿಯೊಂದಿಗೆ ಸಂಸಾರ ಮಾಡುತ್ತಿರುವವನು. ಇದೇ ಆಪರೇಷನ್ನಿನ ಮಾತು ನನ್ನ ಮನೆಯಲ್ಲೂ ನಡೆದಿದೆ. ಆ ಅಧಿಕಾರದಿಂದ ನಾಲ್ಕು ಮಾತು ಬರೆಯುತ್ತೇನೆ.

ಮೊದಲು ಆ 'ಮುಳ್ಳಿನ' ವಿಚಾರ. ಮುಳ್ಳು ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಹೊಲದ ಜಾಲಿಮುಳ್ಳು. ಅದು ಹೊಕ್ಕರೆ ಪಿನ್ನಿನಿಂದ ತೆಗೆಯುತ್ತೇವೆ, ನೋವು ಹೋಗುತ್ತದೆ. ಇದನ್ನೂ ಹಾಗೇ ತೆಗೆಸಿದರಾಯಿತು ಎಂಬುದು ಸಹಜವಾದ ತರ್ಕ. ಆದರೆ ಹಿಮ್ಮಡಿಯ ಮುಳ್ಳು ಹೊರಗಿನಿಂದ ಹೊಕ್ಕದ್ದಲ್ಲ. ವರ್ಷಗಟ್ಟಲೆ ಎಳೆತ, ಒತ್ತಡಗಳಿಗೆ ಸಿಕ್ಕಿದ ಎಲುಬು ತಾನೇ ಚಾಚಿಕೊಂಡ ಚಿಕ್ಕ ತುದಿ ಅದು. ನೆಲದ ಕಡೆಗೆ ಚುಚ್ಚಿಕೊಂಡೂ ಇರುವುದಿಲ್ಲ. ಬೆರಳುಗಳ ಕಡೆಗೆ ಮುಖ ಮಾಡಿ ಮಲಗಿರುತ್ತದೆ. ಅಮೆರಿಕದ ಮೂಳೆ ಶಸ್ತ್ರವೈದ್ಯರ ಅಕಾಡೆಮಿ ರೋಗಿಗಳಿಗೆ ಹೇಳುವ ಲೆಕ್ಕ ಕೇಳಿ: ಹತ್ತು ಜನರಲ್ಲಿ ಒಬ್ಬರ ಹಿಮ್ಮಡಿಯಲ್ಲಿ ಇಂಥ ಮುಳ್ಳಿರುತ್ತದೆ, ಮುಳ್ಳಿದ್ದ ಇಪ್ಪತ್ತು ಜನರಲ್ಲಿ ಒಬ್ಬರಿಗೆ ಮಾತ್ರ ನೋವಿರುತ್ತದೆ. ಉಳಿದ ಹತ್ತೊಂಬತ್ತು ಮಂದಿ ಮುಳ್ಳಿಟ್ಟುಕೊಂಡೇ ದುರ್ಗದ ಏಳು ಸುತ್ತಿನ ಕೋಟೆ ಹತ್ತಿ ಇಳಿದು ಬರುತ್ತಾರೆ, ಅದು ಇದೆಯೆಂದೇ ಅವರಿಗೆ ತಿಳಿಯದು. ಹಾಗಾಗಿ ಎಕ್ಸ್‌ರೇ ನೋಡಿ ಭಯಪಡುವ ಕಾರಣವಿಲ್ಲ. ಆ ಮುಳ್ಳೊಂದೇ ಆಪರೇಷನ್ನಿಗೆ ಕಾರಣವೂ ಅಲ್ಲ.

ಹಾಗಾದರೆ ನೋಯುವುದು ಯಾವುದು? ಹಿಮ್ಮಡಿ ಎಲುಬಿನ ತಳದ ಒಳಬದಿಯಿಂದ ಹೊರಟು, ಬೀಸಣಿಗೆಯಂತೆ ಹರಡಿ, ಬೆರಳುಗಳ ಬುಡ ಸೇರುವ ಒಂದು ಗಟ್ಟಿ ಪಟ್ಟಿ ಅಂಗಾಲಿನಲ್ಲಿದೆ. ಪ್ಲಾಂಟಾರ್ ಫೇಷಿಯಾ ಎಂದು ಅದರ ಹೆಸರು. ತರಗತಿಯಲ್ಲಿ ನಾನು ಬಿಲ್ಲು-ಹೆದೆಯ ಚಿತ್ರ ಬರೆಯುತ್ತೇನೆ. ಪಾದದ ಎಲುಬುಗಳ ಕಮಾನೇ ಬಿಲ್ಲು, ಈ ಪಟ್ಟಿಯೇ ಹೆದೆ. ಮೈಭಾರ ಬಿದ್ದಾಗ ಬಿಲ್ಲು ಚಪ್ಪಟೆಯಾಗದಂತೆ ಹೆದೆ ಹಿಡಿದಿರುತ್ತದೆ. ಹೆಜ್ಜೆ ಎತ್ತುವಾಗ ಇನ್ನೂ ಸೊಗಸಾದ ಕೆಲಸ ನಡೆಯುತ್ತದೆ. ಬೆರಳು ಮೇಲಕ್ಕೆ ಮಡಿಸಿದೊಡನೆ ಪಟ್ಟಿ ಬೆರಳಿನ ಬುಡದ ಗೆಣ್ಣಿಗೆ ಸುತ್ತಿಕೊಂಡು ಬಿಗಿಯಾಗುತ್ತದೆ, ಬಾವಿಯ ರಾಟೆಗೆ ಹಗ್ಗ ಬಿಗಿದಂತೆ; ಕಮಾನು ಮೇಲೇಳುತ್ತದೆ, ಪಾದ ಸನ್ನೆಕೋಲಿನಂತೆ ಸೆಟೆದು ನಮ್ಮನ್ನು ಮುಂದಕ್ಕೆ ತಳ್ಳುತ್ತದೆ. ಇಂಗ್ಲೆಂಡಿನ ಜೆ. ಎಚ್. ಹಿಕ್ಸ್ ಎಂಬವರು ಇದನ್ನು 1954ರಲ್ಲಿ ವಿವರಿಸಿದರು. ನಂಬದಿದ್ದರೆ ಕುರ್ಚಿಯ ಮೇಲೆ ಕುಳಿತು ಒಂದು ಕೈಯಿಂದ ಹೆಬ್ಬೆರಳನ್ನು ಹಿಂದಕ್ಕೆ ಬಗ್ಗಿಸಿ, ಇನ್ನೊಂದು ಕೈಯಿಂದ ಅಂಗಾಲು ಮುಟ್ಟಿ ನೋಡಿ; ಹಗ್ಗ ಬಿಗಿದದ್ದು ಬೆರಳಿಗೇ ತಗಲುತ್ತದೆ.

ಈ ಹಗ್ಗ ಹಿಮ್ಮಡಿಗೆ ಕಟ್ಟಿದ ಜಾಗದಲ್ಲೇ ಸವೆತ ಶುರುವಾಗುತ್ತದೆ. ನಲವತ್ತು ದಾಟಿದವರು, ಗಟ್ಟಿ ನೆಲದ ಮೇಲೆ ನಿಂತು ದುಡಿಯುವವರು, ತೂಕ ಹೆಚ್ಚಿದವರು, ಮೀನಖಂಡ ಬಿಗಿದವರು ಇದಕ್ಕೆ ಬೇಗ ಸಿಕ್ಕುತ್ತಾರೆ. ಮೇಷ್ಟ್ರು, ಕಂಡಕ್ಟರು, ನರ್ಸು, ಪೊಲೀಸು, ಅಡಿಗೆಮನೆಯ ಗ್ರಾನೈಟ್ ನೆಲದ ಮೇಲೆ ಬರಿಗಾಲಲ್ಲಿ ನಿಲ್ಲುವ ತಾಯಂದಿರು. ರಾತ್ರಿ ಮಲಗಿದಾಗ ಪಾದ ಕೆಳಮುಖವಾಗಿ ಪಟ್ಟಿ ಕುಗ್ಗಿರುತ್ತದೆ. ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಟ್ಟಾಗ ಒಮ್ಮೆಲೇ ಎಳೆದುಕೊಂಡು ಚಳಕು ಹೊಡೆಯುತ್ತದೆ. ಹತ್ತು ಹೆಜ್ಜೆ ನಡೆದರೆ ಸಡಿಲ, ಸಂಜೆ ಮತ್ತೆ ನೋವು. ಈ ಲಕ್ಷಣವಿದ್ದರೆ ರೋಗದ ಹೆಸರು ಮುಕ್ಕಾಲು ಪಾಲು ಗೊತ್ತಾದಂತೆಯೇ.

ಹೆಸರಿನ ಕೊನೆಗೆ 'ಐಟಿಸ್' ಎಂದು ಸೇರಿಸಿ ಇದನ್ನು ಉರಿಯೂತ ಎಂದು ಬಹಳ ಕಾಲ ಕರೆದರು. 2003ರಲ್ಲಿ ಅಮೆರಿಕದ ಲೆಮಾಂಟ್ ಮತ್ತು ಸಂಗಡಿಗರು ಆಪರೇಷನ್ನಿನಲ್ಲಿ ತೆಗೆದ 50 ಮಂದಿಯ ಪಟ್ಟಿಯ ಚೂರುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಉರಿಯೂತದ ಗುರುತಿಗಿಂತ ಸವೆದು ಶಿಥಿಲವಾದ ನಾರುಗಳೇ ಕಂಡವು. ಇದು ಬರೀ ಪಂಡಿತರ ಹೆಸರಿನ ಜಗಳವಲ್ಲ. ಉರಿಯೂತವಾದರೆ ಮಾತ್ರೆ ನುಂಗಿ ಆರಿಸಬಹುದು. ಸವೆದ ಹಗ್ಗವಾದರೆ ಮತ್ತೆ ಹುರಿಗೊಳ್ಳಲು ಕಾಲ ಬೇಕು, ಹದವಾದ ದುಡಿಮೆಯೂ ಬೇಕು. ಮಾತ್ರೆ ತಿಂದಷ್ಟು ದಿನ ಆರಾಮ, ಬಿಟ್ಟೊಡನೆ ಮತ್ತೆ ಅದೇ ರಾಗ ಎಂದು ಹಲವರು ಗೊಣಗುವುದಕ್ಕೆ ಇದೇ ಕಾರಣವಿರಬೇಕು.

ನಮ್ಮ ಕಡೆ ಹಿಮ್ಮಡಿ ನೋವೆಂದರೆ ಮೊದಲು ಎಕ್ಕದ ಎಲೆ. ಇಟ್ಟಿಗೆ ಕಾಯಿಸಿ, ಅದರ ಮೇಲೆ ಎಲೆ ಹಾಸಿ, ಹಿಮ್ಮಡಿ ಊರುವುದು. ಹಿರಿಯೂರಿನ ನನ್ನ ಅತ್ತೆಯವರು ಇದರಲ್ಲಿ ಪರಿಣತರು. ಶಾಖದಿಂದ ಹಾಯೆನಿಸುವುದು ನಿಜ, ನಾನೂ ಅನುಭವಿಸಿದ್ದೇನೆ. ಆದರೆ ಸಕ್ಕರೆ ಕಾಯಿಲೆಯಿದ್ದು ಪಾದ ಜೋಮು ಹಿಡಿದವರು ಇಟ್ಟಿಗೆಯ ಹತ್ತಿರ ಸುಳಿಯಬಾರದು. ಸುಟ್ಟದ್ದೇ ತಿಳಿಯದೆ ಹುಣ್ಣಾದರೆ ಹಿಮ್ಮಡಿ ನೋವಿಗಿಂತ ದೊಡ್ಡ ಕೇಡು. ಮೆತ್ತನೆಯ ಎಂಸಿಆರ್ ಚಪ್ಪಲಿ ಒಳ್ಳೆಯದು, ಮನೆಯೊಳಗೂ ಹಾಕಬೇಕು. ದೇವರ ಮನೆಗೆ ಬೇಡ, ಅಷ್ಟು ಹೊತ್ತು ಹಿಮ್ಮಡಿ ತಡೆದೀತು.

ಇಂಜೆಕ್ಷನ್ನಿನ ವಿಚಾರ ಸ್ವಲ್ಪ ಎಚ್ಚರದಿಂದ ಕೇಳಿ. ಸ್ಟಿರಾಯ್ಡ್ ಚುಚ್ಚಿದರೆ ಕೆಲವು ವಾರ ಸ್ವರ್ಗ. ಮೇಲಿಂದ ಮೇಲೆ ಚುಚ್ಚಿಸಿದರೆ ಪಟ್ಟಿ ಹರಿಯುವ, ಹಿಮ್ಮಡಿಯ ಕೊಬ್ಬಿನ ಮೆತ್ತೆ ಸವೆಯುವ ಅಪಾಯವಿದೆ. ಆ ಮೆತ್ತೆ ಸವೆದರೆ ಅಂಗಡಿಯಲ್ಲಿ ಸಿಗುವ ವಸ್ತುವಲ್ಲ. ಧ್ವನಿತರಂಗದ ಆಘಾತ ಕೊಡುವ ಯಂತ್ರವೊಂದಿದೆ. ಅಮೆರಿಕದ ಔಷಧ ಇಲಾಖೆ 2000ದಲ್ಲಿ ಅದನ್ನು ಹಿಮ್ಮಡಿ ನೋವಿಗೆ ಒಪ್ಪಿತು. ಕೆಲವರಿಗೆ ಫಲ ಕೊಟ್ಟಿದೆ, ಆಪರೇಷನ್ನಿಗೆ ಮೊದಲು ಕೇಳಿ ನೋಡಬಹುದಾದ ದಾರಿ.

ನನಗೆ ಹೆಚ್ಚು ಹಿಡಿಸಿದ್ದು ಖರ್ಚಿಲ್ಲದ ಎರಡು ಕ್ರಮಗಳು. ಒಂದು, 2003ರಲ್ಲಿ ಡಿಜೊವಾನಿ ಮತ್ತು ಸಂಗಡಿಗರು 101 ರೋಗಿಗಳ ಮೇಲೆ ಪರೀಕ್ಷಿಸಿದ್ದು. ಹಾಸಿಗೆಯಿಂದ ಇಳಿಯುವ ಮೊದಲೇ ಕುಳಿತು, ನೋವಿನ ಕಾಲನ್ನು ಇನ್ನೊಂದು ತೊಡೆಯ ಮೇಲಿಟ್ಟು, ಬೆರಳುಗಳನ್ನು ಕೈಯಿಂದ ಮೊಣಕಾಲಿನ ಕಡೆಗೆ ಎಳೆದು ಹತ್ತು ಎಣಿಸುವುದು. ಹೀಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಇನ್ನೊಂದು ಡೆನ್ಮಾರ್ಕಿನದು. ರಾಥ್ಲೆಫ್ ಎಂಬವರ ತಂಡ 48 ರೋಗಿಗಳ ಮೇಲೆ ನಡೆಸಿ 2014ರಲ್ಲಿ ಪ್ರಕಟಿಸಿದ್ದು. ಬೆರಳುಗಳ ಕೆಳಗೆ ಸುತ್ತಿದ ಟವೆಲ್ ಇಟ್ಟು, ಮೆಟ್ಟಿಲ ಅಂಚಿನಲ್ಲಿ ಒಂಟಿ ಕಾಲಲ್ಲಿ ನಿಂತು, ಮೂರು ಸೆಕೆಂಡಿನಲ್ಲಿ ಹಿಮ್ಮಡಿ ಎತ್ತಿ, ಎರಡು ಸೆಕೆಂಡು ನಿಂತು, ಮೂರು ಸೆಕೆಂಡಿನಲ್ಲಿ ಇಳಿಸುವುದು. ದಿನ ಬಿಟ್ಟು ದಿನ. ಕಾಲು ಬಲಿತಂತೆ ಬೆನ್ನಿಗೊಂದು ಚೀಲ ಹಾಕಿ ಅದರಲ್ಲಿ ಪುಸ್ತಕ ತುಂಬಿ ಭಾರ ಹೆಚ್ಚಿಸಬೇಕು. ಮೂರು ತಿಂಗಳಾದಾಗ ಬರೀ ಎಳೆದವರಿಗಿಂತ ಭಾರ ಹೊತ್ತವರು ಮುಂದಿದ್ದರು. ವರ್ಷ ಕಳೆದಾಗ ಇಬ್ಬರೂ ಸರಿಸುಮಾರು ಒಂದೇ ಕಡೆ ಸೇರಿದ್ದರು ಎಂಬುದನ್ನೂ ಹೇಳಿಬಿಡಬೇಕು.

ಇಲ್ಲಿಯೇ ಆಪರೇಷನ್ನಿನ ಪ್ರಶ್ನೆ ಬರುವುದು. ಆ ಅಮೆರಿಕದ ಅಕಾಡೆಮಿಯೇ ಹೇಳುವಂತೆ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನ ಸಾಮಾನ್ಯ ಚಿಕಿತ್ಸೆ ಶುರುವಾದ ಹತ್ತು ತಿಂಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಹನ್ನೆರಡು ತಿಂಗಳು ನೆಟ್ಟಗೆ ಚಿಕಿತ್ಸೆ ಮಾಡಿಯೂ ಬಗ್ಗದ ನೋವಿಗೆ ಮಾತ್ರ ಶಸ್ತ್ರಚಿಕಿತ್ಸೆಯ ಯೋಚನೆ. 'ನೆಟ್ಟಗೆ' ಎಂಬ ಮಾತಿನ ಕೆಳಗೆ ಗೆರೆ ಎಳೆಯಿರಿ. ಹನ್ನೆರಡು ತಿಂಗಳು ನೋವು ಅನುಭವಿಸುವುದು ಬೇರೆ, ಹನ್ನೆರಡು ತಿಂಗಳು ಚಿಕಿತ್ಸೆ ಮಾಡುವುದು ಬೇರೆ.

ಆಪರೇಷನ್ನಿನಲ್ಲಿ ಸಾಮಾನ್ಯವಾಗಿ ಪಟ್ಟಿಯ ಒಳಬದಿಯ ಒಂದು ಭಾಗವನ್ನು ಕತ್ತರಿಸಿ ಎಳೆತ ತಗ್ಗಿಸುತ್ತಾರೆ. ಮುಳ್ಳಿದ್ದರೆ ಕೆಲವೊಮ್ಮೆ ಅದನ್ನೂ ತೆಗೆಯುತ್ತಾರೆ. ಈಗ ಚಿಕ್ಕ ರಂಧ್ರದಿಂದ ದೂರದರ್ಶಕದಂಥ ನಳಿಕೆ ತೂರಿಸಿಯೂ ಮಾಡುವುದುಂಟು. ಮೀನಖಂಡ ತೀರಾ ಬಿಗಿಯಿದ್ದವರಿಗೆ ಪಾದ ಮುಟ್ಟದೆ ಮೀನಖಂಡದ ಪೊರೆಯನ್ನೇ ಸಡಿಲಿಸುವ ಇನ್ನೊಂದು ಬಗೆಯಿದೆ. ಪಟ್ಟಿಯನ್ನು ಪೂರ್ತಿ ಕತ್ತರಿಸಿದರೆ ಏನಾಗುತ್ತದೆಂದು ಬಿಲ್ಲು-ಹೆದೆಯ ಚಿತ್ರ ನೆನಪಿದ್ದವರಿಗೆ ಹೇಳಬೇಕಿಲ್ಲ. ಕಮಾನು ಇಳಿದು ಭಾರ ಪಾದದ ಹೊರಅಂಚಿಗೆ ಸರಿಯುತ್ತದೆ, ಅಲ್ಲಿ ಹೊಸ ನೋವು ಹುಟ್ಟಬಹುದು. ಹತ್ತಿರದ ಸಣ್ಣ ನರಕ್ಕೆ ಪೆಟ್ಟಾದರೆ ಜೋಮು. ಹಾಗೆಂದು ಹೆದರಿಸುತ್ತಿಲ್ಲ. ಹಿರಿಯೂರಿನ ನನ್ನ ಸಹೋದ್ಯೋಗಿಯೊಬ್ಬರು ಮಾಡಿಸಿಕೊಂಡು ಮೂರು ತಿಂಗಳಲ್ಲಿ ಸ್ಕೂಲಿಗೆ ಬಂದರು, ಈಗ ವಾಣಿವಿಲಾಸ ಸಾಗರದ ಏರಿಯ ಮೇಲೆ ಸಲೀಸಾಗಿ ನಡೆಯುತ್ತಾರೆ. ಹೊಸದುರ್ಗದ ಇನ್ನೊಬ್ಬರಿಗೆ ಹಿಮ್ಮಡಿ ನೋವು ಹೋಯಿತು, ಪಾದದ ಹೊರಬದಿ ನೋವು ಬಂತು. ಇಬ್ಬರ ಮಾತೂ ನಿಜ. ಇಬ್ಬರಿಂದ ಶಾಸ್ತ್ರ ಹುಟ್ಟುವುದಿಲ್ಲ.

ಕತ್ತಿಗೆ ಮೊದಲು ರೋಗ ಅದೇ ಹೌದೇ ಎಂದು ಖಾತ್ರಿಯಾಗಬೇಕು. ಹಿಮ್ಮಡಿಯನ್ನು ತಳದಿಂದಲ್ಲದೆ ಎರಡೂ ಪಕ್ಕದಿಂದ ಹಿಂಡಿದಾಗ ಜೀವ ಹೋಗುವಂತಾದರೆ ಎಲುಬಿನಲ್ಲೇ ಸಣ್ಣ ಬಿರುಕಿರಬಹುದು. ರಾತ್ರಿಯಿಡೀ ಉರಿ, ಜೋಮು ಇದ್ದರೆ ನರದ ತೊಂದರೆ. ಹುಡುಗ ವಯಸ್ಸಿನವರಿಗೆ ಎರಡೂ ಹಿಮ್ಮಡಿ ನೋವು, ಬೆಳಿಗ್ಗೆ ಸೊಂಟ ಸೆಟೆಯುವುದು ಕೂಡಿ ಬಂದರೆ ಬೆನ್ನೆಲುಬಿನ ವಾತರೋಗ ನೋಡಬೇಕು. ನಮ್ಮ ಜಿಲ್ಲೆಗೆ ಇನ್ನೊಂದು ಪ್ರಶ್ನೆ ಉಂಟು: ಯಾವ ನೀರು ಕುಡಿಯುತ್ತೀರಿ? ಚಿತ್ರದುರ್ಗ ಜಿಲ್ಲೆಯ ಅನೇಕ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬುದು ನಮ್ಮ ದೇಶದ ಮಾನಕ. ಮಿತಿಮೀರಿದ ಫ್ಲೋರೈಡನ್ನು ವರ್ಷಗಟ್ಟಲೆ ಕುಡಿದವರಲ್ಲಿ ಎಲುಬಿಗೆ ಕಟ್ಟಿದ ಸ್ನಾಯುಬಂಧಗಳಲ್ಲಿ ಸುಣ್ಣ ಕೂರುತ್ತದೆ. ಬೆನ್ನು, ಕತ್ತು, ಮೊಣಕಾಲು ಸೆಟೆಯುತ್ತವೆ. ಅಂಥವರ ಕಾಲಿನ ನೋವನ್ನು ಹಿಮ್ಮಡಿಯೊಂದರಲ್ಲೇ ಹುಡುಕಿದರೆ ಸಾಲದು. ಹಿರಿಯೂರು ಕಡೆಯ ಬೋರ್‌ವೆಲ್ ನೀರಿನವರು ಡಾಕ್ಟರಿಗೆ ಈ ಮಾತನ್ನು ತಾವಾಗಿಯೇ ಹೇಳುವುದು ಒಳ್ಳೆಯದು.

ಇನ್ನು ನನ್ನ ಕಥೆ. ಹದಿನಾಲ್ಕನೆಯ ತಿಂಗಳಲ್ಲಿ ನಮ್ಮ ಡಾಕ್ಟರು, 'ಬೇಸಿಗೆ ರಜೆಯಲ್ಲಿ ಮಾಡಿಸಿಕೊಳ್ಳಿ ಮೇಷ್ಟ್ರೇ, ಜೂನ್ ಹೊತ್ತಿಗೆ ಓಡಾಡುತ್ತೀರಿ' ಎಂದರು. ಸಮಂಜಸವಾದ ಮಾತು. ಮನೆಯವಳು ಮಾತ್ರ, 'ಒಂದು ಕಾಲು ಪೂರ್ತಿ ಊರದೆ ಬಚ್ಚಲಿಗೆ ಹೇಗೆ ಹೋಗುತ್ತೀರಿ?' ಎಂದು ಕೇಳಿದಳು. ನಮ್ಮ ಬಚ್ಚಲು ಹಿತ್ತಲಲ್ಲಿ, ಮೂರು ಮೆಟ್ಟಿಲು ಕೆಳಗೆ. ಇಂಥ ಪ್ರಶ್ನೆ ಯಾವ ವೈದ್ಯ ಪುಸ್ತಕದಲ್ಲೂ ಇರುವುದಿಲ್ಲ, ಆದರೆ ನಿರ್ಧಾರದಲ್ಲಿ ಅದಕ್ಕೂ ಪಾಲುಂಟು. ಡಾಕ್ಟರನ್ನು ಕೇಳಿದೆ: ಎಷ್ಟು ಭಾಗ ಕತ್ತರಿಸುತ್ತೀರಿ? ನನ್ನ ಮೀನಖಂಡ ಬಿಗಿಯಿದೆಯೇ? ನೋವು ಹೋಗದಿದ್ದರೆ ಮುಂದೇನು? ಆರು ತಿಂಗಳು ತಡ ಮಾಡಿದರೆ ನಷ್ಟವಿದೆಯೇ? ಅವರು ಬೇಸರಿಸದೆ ಉತ್ತರಿಸಿದರು. ಮೀನಖಂಡ ಬಿಗಿಯಿದೆ, ತಡ ಮಾಡಿದರೆ ನೋವಿನ ಹೊರತು ಬೇರೆ ನಷ್ಟವಿಲ್ಲ ಎಂದರು. ಕೊನೆಯ ಉತ್ತರವೇ ನನಗೆ ತೂಕದ್ದಾಗಿ ಕಂಡಿತು. ಕತ್ತರಿಸಿದ್ದನ್ನು ಮತ್ತೆ ಮೊದಲಿನಂತೆ ಕೂಡಿಸಲಾಗದು. ತಡ ಮಾಡಿದ್ದನ್ನು ಯಾವಾಗ ಬೇಕಾದರೂ ನಿಲ್ಲಿಸಬಹುದು.

ಅವರ ಒಪ್ಪಿಗೆಯಿಂದಲೇ ಗಡುವು ಹಾಕಿಕೊಂಡೆ: ದಸರಾ ರಜೆ. ಅಲ್ಲಿಯವರೆಗೆ ಟವೆಲ್ ಮತ್ತು ಪುಸ್ತಕದ ಚೀಲ. ಹತ್ತನೆಯ ತರಗತಿಯ ವಿಜ್ಞಾನ, ಗಣಿತ, ಸಮಾಜ ಮೂರೂ ಚೀಲ ಸೇರಿದವು; ಮಗಳು ನಿಘಂಟನ್ನೂ ತುರುಕಿದಳು. ಬೆಳಗಿನ ಮೊದಲ ಹೆಜ್ಜೆಯ ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಟ್ಟು ಹಳೆಯ ಹಾಜರಿ ಪುಸ್ತಕದಲ್ಲಿ ಬರೆಯುತ್ತ ಬಂದೆ. ದಸರಾ ವೇಳೆಗೆ ವಾರದ ಸರಾಸರಿ ನಾಲ್ಕರ ಕೆಳಗೆ ಇಳಿಯದಿದ್ದರೆ ಆಪರೇಷನ್, ಇಳಿದರೆ ಇಲ್ಲ. ಏಪ್ರಿಲ್‌ನಲ್ಲಿ ಏಳು ಇತ್ತು. ಮೇ ತಿಂಗಳಲ್ಲಿ ಒಂದು ವಾರ ಎಂಟಕ್ಕೂ ಏರಿತು, ಭಾರ ಅವಸರದಲ್ಲಿ ಹೆಚ್ಚಿದ ವಾರ ಅದು. ಎರಡು ಪುಸ್ತಕ ಇಳಿಸಿದೆವು. ಆಗಸ್ಟಿನಲ್ಲಿ ನಾಲ್ಕೂವರೆ. ದಸರಾಕ್ಕೆ ಮೂರು. ಆಪರೇಷನ್ ಮಾಡಿಸಲಿಲ್ಲ. ಈಗ ಎರಡರ ಆಸುಪಾಸಿನಲ್ಲಿದೆ; ಸತತ ನಾಲ್ಕು ಪೀರಿಯಡ್ ನಿಂತ ದಿನ ಇನ್ನೂ ನೆನಪು ಮಾಡಿಕೊಡುತ್ತದೆ. ನೋವು ತಾನಾಗಿಯೇ ಇಳಿಯುವ ಕಾಲವೂ ಅದೇ ಆಗಿದ್ದೀತು, ಒಬ್ಬನ ಹಾಜರಿ ಪುಸ್ತಕ ಪ್ರಯೋಗವಲ್ಲ ಎಂದು ಮಕ್ಕಳಿಗೂ ಹೇಳಿದ್ದೇನೆ.

ಮಂಡಿಯ ಮಿತ್ರರೇ, ನಿಮ್ಮ ಕಾರ್ಡಿನಲ್ಲಿ ಮೂರು ಸಂಗತಿ ಇಲ್ಲ. ಈ ಒಂದು ವರ್ಷದಲ್ಲಿ ಮಾತ್ರೆಯ ಹೊರತು ಏನೇನು ಮಾಡಿದಿರಿ? ಸಕ್ಕರೆ ಪರೀಕ್ಷೆ ಆಗಿದೆಯೇ? ಮನೆಯ ಕುಡಿಯುವ ನೀರು ಕೊಳವೆಬಾವಿಯದೋ, ನದಿಯದೋ? ಇವನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಅದೇ ಡಾಕ್ಟರ ಹತ್ತಿರ ಇನ್ನೊಮ್ಮೆ ಹೋಗಿ, ಮನೆಯವರನ್ನೂ ಕರೆದುಕೊಂಡು. ವ್ಯಾಯಾಮ ಶುರುಮಾಡಬಹುದೇ ಎಂದೂ ಅವರನ್ನೇ ಕೇಳಿ. ಅಷ್ಟರಲ್ಲಿ ತಕ್ಕಡಿಯ ಪಕ್ಕ ನಿಲ್ಲುವ ಜಾಗಕ್ಕೆ ಹಳೆಯ ಗೋಣಿಚೀಲ ನಾಲ್ಕು ಮಡಿಕೆ ಮಾಡಿ ಹಾಸಿಕೊಳ್ಳಿ. ಅಡಿಕೆ ಮಂಡಿಯಲ್ಲಿ ಗೋಣಿಚೀಲಕ್ಕೇನು ಬರ.