ಚಿತ್ರ ಗೋಡೆಗೆ, ಕಾಗದ ತಕ್ಕಡಿಗೆ

'ಚಿತ್ರ ತಾನೇ ಮಾತಾಡಬೇಕು, ಚಿತ್ರಕಾರನ ಕಾಗದಪತ್ರ ಯಾರಿಗೆ ಬೇಕು?' ನಮ್ಮ ಕಲಾವಲಯದಲ್ಲಿ ಈ ಮಾತು ವೇದವಾಕ್ಯದಂತೆ ಚಲಾವಣೆಯಲ್ಲಿದೆ. ಕೇಳಲು ಘನವಾಗಿದೆ. ನನಗೆ ಮಾತ್ರ ಇದು ಸೋಮಾರಿತನಕ್ಕೆ ಹೊದಿಸಿದ ಶಾಲಿನಂತೆ ಕಾಣುತ್ತದೆ. ಅಮೂರ್ತ ಚಿತ್ರಕಾರರ ವಿಷಯದಲ್ಲಂತೂ ಇದು ಅಪ್ಪಟ ಸುಳ್ಳು.

ಪೀಟ್ ಮಾಂಡ್ರಿಯನ್ 1941ರಲ್ಲಿ ಬಣ್ಣದ ಟೇಪುಗಳನ್ನು ಅಂಟಿಸಿ ಮಾಡಿದ 'ನ್ಯೂಯಾರ್ಕ್ ಸಿಟಿ 1' ಎಂಬ ಕೃತಿ 1980ರಿಂದ ಜರ್ಮನಿಯ ಡ್ಯುಸೆಲ್ಡಾರ್ಫ್ ನಗರದ ಮ್ಯೂಸಿಯಮ್ಮಿನಲ್ಲಿದೆ. ಅದು ಇಷ್ಟು ಕಾಲವೂ ತಲೆಕೆಳಗಾಗಿ ತೂಗುತ್ತಿತ್ತು ಎಂಬ ಸಂಗತಿ ಬಹಿರಂಗವಾದದ್ದು 2022ರಲ್ಲಿ. ಅಲ್ಲಿಯವರೆಗೆ ವಿಮರ್ಶಕರು, ವಿದ್ಯಾರ್ಥಿಗಳು, ಪ್ರವಾಸಿಗರು ಅದರ ಮುಂದೆ ಭಕ್ತಿಯಿಂದ ನಿಂತು ಹೋದರು. ಚಿತ್ರ ಒಂದು ಮಾತೂ ಆಡಲಿಲ್ಲ. ಮಾತಾಡಿದ್ದು ಒಂದು ಫೋಟೊ. 1944ರಲ್ಲಿ ಮಾಂಡ್ರಿಯನ್ ತೀರಿಕೊಂಡ ಕೆಲವು ತಿಂಗಳ ಮೇಲೆ ಪತ್ರಿಕೆಯೊಂದರಲ್ಲಿ ಅಚ್ಚಾದ ಅವನ ಸ್ಟುಡಿಯೋದ ಚಿತ್ರ ಅದು. ಅದರಲ್ಲಿ ಕೃತಿಯ ಒತ್ತೊತ್ತಾದ ಗೆರೆಗಳು ಮೇಲ್ಭಾಗದಲ್ಲಿದ್ದವು, ಮ್ಯೂಸಿಯಮ್ಮಿನಲ್ಲಿ ಕೆಳಭಾಗದಲ್ಲಿದ್ದವು. ಈಗ ತಿರುಗಿಸೋಣವೆಂದರೆ ಹಳೆಯ ಟೇಪು ಕಿತ್ತುಬರುವ ಭಯ. ಹಾಗಾಗಿ ಗೊತ್ತಾದ ಮೇಲೂ ಅದನ್ನು ಹಾಗೆಯೇ ಬಿಟ್ಟರು. ತಡವಾಗಿ ಬಂದ ತಿಳಿವಳಿಕೆಯಿಂದ ಆಗುವುದು ಇಷ್ಟೇ.

ಅಂಥ ಫೋಟೊ ನಮ್ಮೂರಿನ ಚಿತ್ರಕಾರನದಾಗಿದ್ದರೆ ಎಲ್ಲಿರುತ್ತಿತ್ತು? ವಿಶ್ವೇಶ್ವರಪುರದ್ದೋ ಬಸವನಗುಡಿಯದೋ ಒಂದು ಹಳೆಯ ಮನೆಯ ಅಟ್ಟದ ಮೇಲೆ, ಟ್ರಂಕಿನಲ್ಲಿ. ಆ ಮನೆಗಳ ಗತಿ ನಮಗೆ ಗೊತ್ತಿದೆ. ಸಜ್ಜನರಾವ್ ವೃತ್ತದಿಂದ ಯಾವ ಅಡ್ಡರಸ್ತೆಗೆ ಹೊರಳಿದರೂ ಹೆಂಚಿನ ಮಾಡು, ಮುಂದೊಂದು ತೆಂಗಿನಮರ ಇದ್ದ ಕಡೆ ನಾಲ್ಕಂತಸ್ತು ಎದ್ದಿರುತ್ತದೆ. ಹಿರಿಯರು ಹೋದ ಮೇಲೆ ಪಾಲು. ಪಾಲಾದ ಮೇಲೆ ಬಿಲ್ಡರು ಕೊಟ್ಟ ಗಡುವು. ಮನೆ ಖಾಲಿ ಮಾಡುವ ಆ ಒಂದು ವಾರದಲ್ಲಿ ಒಬ್ಬ ಚಿತ್ರಕಾರನ ಬದುಕು ಎರಡು ಹೋಳಾಗುತ್ತದೆ. ಕ್ಯಾನ್ವಾಸುಗಳಿಗೆ ಬೆಲೆ ಇದೆಯೆಂದು ಎಲ್ಲರಿಗೂ ಗೊತ್ತು; ಅವನ್ನು ಮಕ್ಕಳು ಹಂಚಿಕೊಳ್ಳುತ್ತಾರೆ. ಸ್ಕೆಚ್ ಪುಸ್ತಕ, ಗೆಳೆಯರ ಪತ್ರ, ಪ್ರದರ್ಶನದ ಆಮಂತ್ರಣ, ಬಣ್ಣದಂಗಡಿಯ ಬಿಲ್ಲು, ಯಾವ ಚಿತ್ರ ಯಾರಿಗೆ ಎಷ್ಟಕ್ಕೆ ಹೋಯಿತೆಂದು ಬರೆದಿಟ್ಟ ಉದ್ದನೆಯ ಲೆಕ್ಕದ ಪುಸ್ತಕ, ಫೋಟೊ ನೆಗೆಟಿವ್ ಇವೆಲ್ಲ ಹಳೆ ಪೇಪರಿನವನ ತಕ್ಕಡಿಗೆ ಏರುತ್ತವೆ. ಅವನನ್ನು ದೂರಿ ಫಲವಿಲ್ಲ. ಈ ಕಾಗದಕ್ಕೆ ತೂಕವಲ್ಲದ ಬೆಲೆಯೊಂದಿದೆ ಎಂದು ಮನೆಯವರಿಗೇ ಯಾರೂ ಹೇಳಿಲ್ಲ.

ಕಾಗದ ಎಲ್ಲ ಕಲಾವಿದರಿಗೂ ಮುಖ್ಯವೇ. ಆದರೆ ಅಮೂರ್ತ ಚಿತ್ರಕಾರರಿಗೆ ಅದು ಪ್ರಾಣದ ಪ್ರಶ್ನೆ. ಒಂದು ಭಾವಚಿತ್ರದಲ್ಲಿ ಕೂತವರ ಪೇಟ, ಸೀರೆಯ ಅಂಚು, ಗೋಡೆಯ ಗಡಿಯಾರ ಸ್ವಲ್ಪವಾದರೂ ಕಾಲ ಹೇಳುತ್ತವೆ. ಲಾಲ್‌ಬಾಗಿನ ಬಂಡೆಯ ಚಿತ್ರವನ್ನು ಯಾರೂ ತಲೆಕೆಳಗು ಮಾಡಿ ಹಾಕಲಾರರು. ಬೂದುಬಣ್ಣದ ಮೇಲೆ ನಾಲ್ಕು ಗೆರೆ ಎಳೆದ, ಹೆಸರಿಲ್ಲದ, ಇಸವಿಯಿಲ್ಲದ ಹಾಳೆಯನ್ನು ಏನು ಮಾಡುತ್ತೀರಿ? ನಸ್ರೀನ್ ಮೊಹಮದಿ (1937–1990) ತಮ್ಮ ಗೆರೆಚಿತ್ರಗಳಿಗೆ ಬಹುಪಾಲು ಹೆಸರಿಡಲಿಲ್ಲ, ದಿನಾಂಕ ಹಾಕಲಿಲ್ಲ. ಇಂದು ಅವರನ್ನು ಓದಲು ನಮಗಿರುವ ದಾರಿಗಳಲ್ಲಿ ಮುಖ್ಯವಾದವು ಅವರ ದಿನಚರಿಗಳು ಮತ್ತು ಬದುಕಿದ್ದಾಗ ಅವರು ಪ್ರದರ್ಶಿಸದೆ ಇಟ್ಟುಕೊಂಡಿದ್ದ ಫೋಟೊಗಳು. ಅವನ್ನು ಮನೆಯವರೂ ಸ್ನೇಹಿತರೂ ಕಾಪಾಡಿದ್ದರಿಂದ 2016ರಲ್ಲಿ ನ್ಯೂಯಾರ್ಕಿನ ಮೆಟ್ ಬ್ರಾಯರ್ ಮ್ಯೂಸಿಯಂ ಅವರ ಪ್ರದರ್ಶನದೊಂದಿಗೆ ಬಾಗಿಲು ತೆರೆಯುವಂತಾಯಿತು. ಗೆದ್ದಲು ತಿಂದಿದ್ದರೆ ನಮ್ಮ ಪಾಲಿಗೆ ಒಂದಿಷ್ಟು ಗೆರೆಗಳು ಉಳಿಯುತ್ತಿದ್ದವು.

ಇನ್ನು ನಕಲಿಯ ವಿಷಯ. ನ್ಯೂಯಾರ್ಕಿನ ನೋಡ್ಲರ್ ಗ್ಯಾಲರಿ 1846ರಷ್ಟು ಹಳೆಯದು. ಮಾರ್ಕ್ ರಾತ್ಕೊ, ಜಾಕ್ಸನ್ ಪೊಲಾಕ್ ಮುಂತಾದ ಅಮೂರ್ತ ಚಿತ್ರಕಾರರ ಹೆಸರಿನಲ್ಲಿ ಅದು ವರ್ಷಗಟ್ಟಲೆ ಮಾರಿದ ಹತ್ತಾರು ಚಿತ್ರಗಳನ್ನು ಬರೆದವನು ಅದೇ ಊರಿನ ಒಂದು ಗ್ಯಾರೇಜಿನಲ್ಲಿ ಕೂತಿದ್ದ ಒಬ್ಬನೇ ಮನುಷ್ಯ. ವ್ಯವಹಾರ ಸುಮಾರು 8 ಕೋಟಿ ಡಾಲರಿನದು. ಒಂದು ಚಿತ್ರದ ಮೇಲೆ ಪೊಲಾಕನ ಸಹಿಯ ಕಾಗುಣಿತವೇ ತಪ್ಪಿತ್ತು, ಆದರೂ ಹೋಯಿತು. ಆ ಚಿತ್ರಗಳ ಹಿಂದೆ ಸರಿಯಾದ ಕಾಗದಪತ್ರ ಇರಲಿಲ್ಲ, ಬರೀ ಕತೆಯಿತ್ತು. 2011ರಲ್ಲಿ ಗ್ಯಾಲರಿ ಮುಚ್ಚಿತು. ನಮ್ಮ ಕಲಾವಿದರ ಚಿತ್ರಗಳಿಗೂ ಈಗ ಹರಾಜಿನಲ್ಲಿ ಬೆಲೆ ಏರುತ್ತಿದೆ. ಅಟ್ಟದ ಮೇಲಿನ ಆ ಲೆಕ್ಕದ ಪುಸ್ತಕ ನಾಳೆ ನಕಲಿಗೆ ಎದುರು ನಿಲ್ಲುವ ಸಾಕ್ಷಿ.

'ಕಲಾವಿದರೇ ಮೌನ ಬಯಸಿದ್ದರಲ್ಲ, ಅವರ ಖಾಸಗಿ ಪತ್ರ ಕೆದಕುವುದು ಸರಿಯೇ?' ಎಂಬ ತಕರಾರು ಇದೆ. ನ್ಯಾಯವಾದ ತಕರಾರೇ. ಸ್ವೀಡನ್ನಿನ ಹಿಲ್ಮಾ ಆಫ್ ಕ್ಲಿಂಟ್ ತಾನು ತೀರಿಕೊಂಡ 20 ವರ್ಷದವರೆಗೆ ತನ್ನ ಅಮೂರ್ತ ಚಿತ್ರಗಳನ್ನು ತೋರಿಸಬಾರದೆಂದು ಹೇಳಿ 1944ರಲ್ಲಿ ಕಣ್ಣುಮುಚ್ಚಿದಳು. ಜೊತೆಗೆ ನೂರಕ್ಕೂ ಹೆಚ್ಚು ನೋಟ್‌ಬುಕ್ಕುಗಳನ್ನು ಬಿಟ್ಟುಹೋದಳು. ಮೌನ ಕೇಳಿದವಳು ಸುಟ್ಟುಹಾಕಿ ಎನ್ನಲಿಲ್ಲ. 1970ರಲ್ಲಿ ಸ್ಟಾಕ್‌ಹೋಮಿನ ಆಧುನಿಕ ಕಲೆಯ ಮ್ಯೂಸಿಯಂ ಆ ಸಂಗ್ರಹವನ್ನು ಬೇಡವೆಂದಿತು, ಮನೆಯವರು ಕಾದರು. 2018–19ರಲ್ಲಿ ನ್ಯೂಯಾರ್ಕಿನ ಗುಗೆನ್‌ಹೈಮಿನಲ್ಲಿ 6 ಲಕ್ಷಕ್ಕೂ ಹೆಚ್ಚು ಜನ ಅವಳನ್ನು ನೋಡಿದರು. ಖಾಸಗಿ ಪತ್ರವನ್ನು 30 ವರ್ಷ ಮುದ್ರೆ ಹಾಕಿ ಇಡಬಹುದು. ಗುಜರಿಗೆ ಹಾಕುವುದನ್ನು ಗೌರವ ಎಂದು ಕರೆಯಬೇಡಿ.

ನಮ್ಮ ನೆಲದಲ್ಲೇ ಸಾಕ್ಷಿ ಬೇಕೆಂದರೆ ಕೆ. ವೆಂಕಟಪ್ಪ (1886–1965) ಇದ್ದಾರೆ. ಅವರು ಅಮೂರ್ತದ ದಾರಿ ಹಿಡಿದವರಲ್ಲ. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರು, ಊಟಿಯ ಮಂಜನ್ನು ಜಲವರ್ಣದಲ್ಲಿ ಹಿಡಿದವರು, ಶೇಷಣ್ಣನವರಲ್ಲಿ ವೀಣೆ ಕಲಿತವರು. ದಿನಚರಿ ಬರೆಯುವ ಅಭ್ಯಾಸ ಅವರಿಗಿತ್ತು, ಆ ದಿನಚರಿಗಳು ಉಳಿದವು. ಉಳಿದದ್ದರಿಂದಲೇ ಇತಿಹಾಸಕಾರ್ತಿ ಜಾನಕಿ ನಾಯರ್ ಅವರಂಥವರು ಅರಮನೆ, ಕಲಾವಿದ, ಸಾರ್ವಜನಿಕರು ಈ ಮೂವರ ನಡುವಿನ ಎಳೆದಾಟವನ್ನು ಬರೆಯಲು ಸಾಧ್ಯವಾಯಿತು. ಇಲ್ಲದಿದ್ದರೆ ವೆಂಕಟಪ್ಪ ನಮಗೆ ಕಸ್ತೂರಬಾ ರಸ್ತೆಯ ಕಟ್ಟಡವೊಂದರ ಹೆಸರಾಗಿ ಮಾತ್ರ ಉಳಿಯುತ್ತಿದ್ದರು.

ಆ ಕಟ್ಟಡವನ್ನು ಖಾಸಗಿ ಪ್ರತಿಷ್ಠಾನಕ್ಕೆ ವಹಿಸುವ ಸರ್ಕಾರದ ಒಪ್ಪಂದದ ವಿರುದ್ಧ 2016ರಲ್ಲಿ ಬೆಂಗಳೂರಿನ ಕಲಾವಿದರು ಬೀದಿಗಿಳಿದರು. ಸರಿಯಾದ ಹೋರಾಟ. ನನ್ನ ಪ್ರಶ್ನೆ ಒಂದೇ: ಗೋಡೆಗಾಗಿ ಒಗ್ಗಟ್ಟಾದ ನಾವು ಕಾಗದಕ್ಕಾಗಿ ಯಾಕೆ ಆಗುವುದಿಲ್ಲ? ಉಡುಪಿಯಿಂದ ಬಂದು ನಿಸರ್ಗದೃಶ್ಯವನ್ನು ಅಮೂರ್ತದ ಕಡೆಗೆ ಒಯ್ದ ಜಿ.ಎಸ್. ಶೆಣೈ ಅವರ ಒಂದು ಚಿತ್ರ ಹೇಗೆ ಹುಟ್ಟಿತೆಂದು ತಿಳಿಯಬೇಕಾದ ವಿದ್ಯಾರ್ಥಿಗೆ ನಾವು ಯಾವ ವಿಳಾಸ ಕೊಡಬಲ್ಲೆವು? ಚಾಮರಾಜಪೇಟೆಯಲ್ಲಿ ಸಾಹಿತ್ಯ ಪರಿಷತ್ತು ಇದೆ, 1915ರಲ್ಲಿ ಅದು ಹುಟ್ಟಿದ್ದು ಸಾಹಿತ್ಯಕ್ಕೆ. ರಾಜ್ಯ ಪತ್ರಾಗಾರದ ಮುಖ್ಯ ಕೆಲಸ ಸರ್ಕಾರದ ಕಡತ. ಲಲಿತಕಲಾ ಅಕಾಡೆಮಿ ಪ್ರಶಸ್ತಿ ಕೊಡುತ್ತದೆ, ಶಿಬಿರ ನಡೆಸುತ್ತದೆ. ತೀರಿಕೊಂಡ ಚಿತ್ರಕಾರನ ಟ್ರಂಕನ್ನು ಆಟೋದಲ್ಲಿ ಇಟ್ಟುಕೊಂಡು ಹೊರಟ ಮಗಳು ಯಾರ ಬಾಗಿಲು ತಟ್ಟಬೇಕು?

ದುಡ್ಡಿಲ್ಲ, ಜಾಗವಿಲ್ಲ ಎಂಬ ಸಬೂಬು ಇದೇ ಊರಿನಲ್ಲಿ ಸುಳ್ಳಾಗಿದೆ. ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರ 2019ರಲ್ಲಿ ತನ್ನ ಆವರಣದಲ್ಲೇ ಪತ್ರಾಗಾರ ತೆರೆದು ವಿಜ್ಞಾನಿಗಳ ಪತ್ರ, ಟಿಪ್ಪಣಿ, ಫೋಟೊಗಳನ್ನು ಕೂಡಿಡುತ್ತಿದೆ. ಬರೋಡದ ಕಲಾವಿದರಾದ ಜ್ಯೋತಿ ಭಟ್, ಗುಲಾಂ ಮೊಹಮ್ಮದ್ ಶೇಖ್, ರತನ್ ಪರಿಮೂ ಅವರ ಮನೆಯ ಕಾಗದಗಳನ್ನು ಹಾಂಗ್‌ಕಾಂಗಿನ ಏಷ್ಯಾ ಆರ್ಟ್ ಆರ್ಕೈವ್ ಸ್ಕ್ಯಾನ್ ಮಾಡಿ ಜಗತ್ತಿಗೆಲ್ಲ ತೆರೆದಿಟ್ಟಿದೆ. ಬರೋಡಕ್ಕೆ ಆದದ್ದು ಬೆಂಗಳೂರಿಗೆ ಯಾಕೆ ಆಗಬಾರದು?

ಬೇಡಿಕೆ ದೊಡ್ಡದೇನಲ್ಲ. ಅಕಾಡೆಮಿಯೋ ಸಂಸ್ಕೃತಿ ಇಲಾಖೆಯೋ ತೇವ ತಾಗದ ಒಂದು ಕೋಣೆ, ಸ್ಕ್ಯಾನರು, ಸಂಬಳ ಪಡೆಯುವ ಇಬ್ಬರು ತರಬೇತಿಯಾದ ಸಿಬ್ಬಂದಿ, ಇಷ್ಟನ್ನು ಕೊಡಲಿ. ಕೊಟ್ಟವರಿಗೆ ರಸೀದಿ, ಷರತ್ತಿದ್ದರೆ ಲಿಖಿತ ಒಪ್ಪಂದ, ಬಂದ ಸಾಮಗ್ರಿಯ ಪಟ್ಟಿ ಎಲ್ಲರಿಗೂ ಕಾಣುವಂತೆ ಇರಲಿ. ಒಂದು ವರ್ಷದ ಸನ್ಮಾನ ಸಮಾರಂಭದ ಹಾರ ತುರಾಯಿ ಕಡಿಮೆಯಾದರೆ ಆಕಾಶ ಕಳಚಿ ಬೀಳುವುದಿಲ್ಲ.

ಅದಾಗುವವರೆಗೆ ಕಲಾ ಶಾಲೆಗಳ ವಿದ್ಯಾರ್ಥಿಗಳಿಗೆ ನನ್ನ ಮಾತು ಇದು. ನಿಮ್ಮ ಗುರುಗಳ, ಗುರುಗಳ ಗುರುಗಳ ಮನೆಗೆ ಹೋಗಿ. ಪ್ರತಿ ಕ್ಯಾನ್ವಾಸಿನ ಹಿಂಬದಿಯ ಫೋಟೊ ತೆಗೆಯಿರಿ. ಇಸವಿ, ಬಾಣದ ಗುರುತು, ಹಳೆಯ ಚೀಟಿ ಇರುವುದು ಅಲ್ಲೇ. ಕಟ್ಟಿಟ್ಟ ಪತ್ರಗಳ ಕ್ರಮ ಕೆಡಿಸಬೇಡಿ, ಆ ಕ್ರಮವೂ ಒಂದು ದಾಖಲೆ. ಸೆಲ್ಲೋಟೇಪ್ ಬೇಡ, ಲ್ಯಾಮಿನೇಷನ್ ಬೇಡ. ಗುರುತು ಹಾಕುವುದಾದರೆ ಪೆನ್ಸಿಲ್ ಸಾಕು. ಫೋಟೊದಲ್ಲಿರುವವರ ಹೆಸರನ್ನು ಮನೆಯ ಹಿರಿಯರಿಗೆ ನೆನಪಿರುವಾಗಲೇ ಕೇಳಿ ಬರೆದುಕೊಳ್ಳಿ. ಕಲಾಕೃತಿಯ ಬಗ್ಗೆ ಹತ್ತು ಪುಟದ ವಿಮರ್ಶೆ ಬರೆಯುವುದನ್ನು ಒಂದು ತಿಂಗಳು ಮುಂದೂಡಿ. ಗಡುವು ಮುಗಿಯುತ್ತಿರುವ ಮನೆಗಳು ಅಷ್ಟು ದಿನ ಕಾಯುವುದಿಲ್ಲ.