ಯಾವ ‘ಇಲ್ಲ’?

ದತ್ತವಾಡದಂಥ ಗಡಿಯೂರಿನ ಕುಟುಂಬಗಳಿಗೆ ಕಚೇರಿಯ ಕಿಟಕಿ ಹೊಸತಲ್ಲ. ಅರ್ಜಿ ಹಿಡಿದು ನಿಂತವರಿಗೆ ಅಲ್ಲಿ ಮೂರು ಬಗೆಯ ನಿರಾಕರಣೆ ದೊರೆಯಬಹುದು: ‘ಈ ಕೆಲಸ ನಮ್ಮಲ್ಲಿಲ್ಲ’, ‘ಅರ್ಜಿ ತಪ್ಪಾಗಿದೆ’, ‘ನಿಮಗೆ ಅನುಮತಿ ಇಲ್ಲ’. ಮೂರರಿಂದಲೂ ಕೆಲಸವಾಗದು, ಆದರೆ ಮುಂದಿನ ದಾರಿ ಒಂದೊಂದಕ್ಕೆ ಒಂದೊಂದು. ಮಕ್ಕಳು ಶಾಲೆಯಲ್ಲಿ ಬಳಸುವ ಗಣಕಯಂತ್ರದೊಳಗೂ ಇಂಥದೊಂದು ಕಿಟಕಿಯಿದೆ.

ಲಿನಕ್ಸ್ ವ್ಯವಸ್ಥೆಯ ತಿರುಳಿಗೆ ಕರ್ನಲ್ ಎಂದು ಹೆಸರು. ಕಡತವನ್ನು ತೆರೆಯಬೇಕಾದರೂ ಸ್ಮೃತಿಯಲ್ಲಿ ಜಾಗ ಪಡೆಯಬೇಕಾದರೂ ತಂತ್ರಾಂಶವು ಕರ್ನಲ್‌ಗೇ ಮೊರೆಯಿಡಬೇಕು. ಆ ಮೊರೆಯೇ ಸಿಸ್ಟಮ್ ಕಾಲ್. ಪ್ರತಿಯೊಂದಕ್ಕೂ ಒಂದು ಸಂಖ್ಯೆಯುಂಟು. ಗುಪ್ತ ಕೀಲಿಗಳಿಗೆ ಬೇಕಾದ, ಯಾರೂ ಊಹಿಸಲಾರದ ಅಂಕಿಗಳನ್ನು ಕೊಡುವ ‘ಗೆಟ್‌ರ್ಯಾಂಡಮ್’ ಇಂಟೆಲ್‌ನ 64 ಬಿಟ್ ಯಂತ್ರದಲ್ಲಿ 318ನೆಯದು. 32 ಬಿಟ್ ಯಂತ್ರದಲ್ಲಿ 355ನೆಯದು.

ಈ ಕರೆ 2014ರಲ್ಲಿ, ಲಿನಕ್ಸ್ 3.17ರೊಂದಿಗೆ ಬಂದಿತು. ಹಾಗಾದರೆ ಆವೃತ್ತಿಯ ಸಂಖ್ಯೆ ನೋಡಿದರೆ ಸಾಲದೆ? ಸಾಲದು. ರೆಡ್ ಹ್ಯಾಟ್ ಸಂಸ್ಥೆಯ 7ನೆಯ ಆವೃತ್ತಿಯ ಕರ್ನಲ್ ತನ್ನನ್ನು 3.10 ಎಂದೇ ಹೇಳಿಕೊಳ್ಳುತ್ತದೆ. ಆದರೂ ಈ ಕರೆಯನ್ನು ಅದಕ್ಕೆ ತರುವಾಯ ಸೇರಿಸಲಾಯಿತು. ಹಣೆಪಟ್ಟಿಯನ್ನು ನಂಬುವುದಕ್ಕಿಂತ ಕೇಳಿ ನೋಡುವುದೇ ಸರಿಯಾದ ಪರೀಕ್ಷೆ.

ಕೇಳುವಾಗ ಹಾನಿಯಾಗದಂತೆ ಕೇಳಬೇಕು. ಗೆಟ್‌ರ್ಯಾಂಡಮ್‌ಗೆ ‘ಸೊನ್ನೆ ಬೈಟ್ ಕೊಡು’ ಎಂದರೆ ಸಾಕು. ಕರೆಯಿದ್ದರೆ ಉತ್ತರವೂ ಸೊನ್ನೆ. ಇಲ್ಲದಿದ್ದರೆ 38ನೆಯ ದೋಷಸಂಖ್ಯೆ ಬರುತ್ತದೆ. ‘ಈ ಕೆಲಸ ನನ್ನಲ್ಲಿಲ್ಲ’ ಎಂಬುದು ಅದರ ಅರ್ಥ. ಆಗ ತಂತ್ರಾಂಶವು ಹಳೆಯ ದಾರಿಯನ್ನು ಹಿಡಿಯುತ್ತದೆ. 22 ಬಂದರೆ ಅರ್ಜಿ ತಪ್ಪು, ಆದರೆ ಕರೆ ಇದೆ.

ತೊಡಕಿರುವುದು 1ನೆಯ ದೋಷಸಂಖ್ಯೆಯಲ್ಲಿ. ಅದು ‘ಅನುಮತಿ ಇಲ್ಲ’ ಎನ್ನುತ್ತದೆ. ತಂತ್ರಾಂಶವನ್ನು ಕಂಟೇನರ್ ಎಂಬ ಬೇಲಿಯೊಳಗೆ ನಡೆಸುವಾಗ ಕರ್ನಲ್‌ಗಿಂತ ಮೊದಲು ಬಾಗಿಲ ಕಾವಲುಗಾರನೇ ಉತ್ತರಿಸಬಹುದು. 2020ರಲ್ಲಿ ಲಿನಕ್ಸ್ 5.8ರೊಂದಿಗೆ ‘ಎಫ್‌ಆಕ್ಸೆಸ್‌ಆ್ಯಟ್2’ ಎಂಬ ಕರೆ ಬಂದಾಗ ಹಳೆಯ ಕಾವಲುಗಾರರಿಗೆ ಅದರ ಪರಿಚಯವಿರಲಿಲ್ಲ. ‘ಇಲ್ಲ’ ಎನ್ನಬೇಕಾದಲ್ಲಿ ಅವರು ‘ಅನುಮತಿ ಇಲ್ಲ’ ಎಂದರು. ಹೊಸ ತಂತ್ರಾಂಶ ಆ ಮಾತನ್ನು ನಂಬಿ ಹಳೆಯ ದಾರಿಯತ್ತ ತಿರುಗಲೇ ಇಲ್ಲ. ಕಣ್ಣೆದುರಿಗಿದ್ದ ಕಡತವೂ ಅದಕ್ಕೆ ಎಟಕದಾಯಿತು. ಬಳಿಕ ಕಾವಲಿನ ನಿಯಮವನ್ನೇ ತಿದ್ದಿ, ಅರಿಯದ ಹೊಸ ಕರೆಗೆ 38 ಎಂದೇ ಉತ್ತರಿಸುವಂತೆ ಮಾಡಲಾಯಿತು.

ಯಂತ್ರ ‘ಆಗದು’ ಎಂದಾಗ ವಿದ್ಯಾರ್ಥಿಯು ಮೊದಲು ಓದಬೇಕಾದುದು ಆ ಸಂಖ್ಯೆಯನ್ನು. ಎಂಥ ‘ಇಲ್ಲ’ ಎಂಬುದು ತಿಳಿದವನಿಗೆ ಮುಂದೆ ಯಾವ ಬಾಗಿಲು ತಟ್ಟಬೇಕೆಂಬುದೂ ತಿಳಿಯುತ್ತದೆ.